ಬಿರುಕು ಅಳೆದ ಮಳೆಗಾಲ

ಕಳೆದ ವಾರ ಶಿರಸಿಯ ಹಳೇ ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಯ ಮೇಲೆ ಹೊಸದೊಂದು ಫ್ಲೆಕ್ಸ್ ಕಟ್ಟಿದ್ದರು. ಪ್ರವಾಸಕ್ಕೆ ಕರೆದುಕೊಂಡು ಹೋಗುವವರದು. ನಾರ್ವೆಯ ಫಿಯೋರ್ಡುಗಳಿಗೆ ಹತ್ತು ದಿನ, ಸಸ್ಯಾಹಾರಿ ಊಟ ಸಹಿತ ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಎರಡೂ ಕಡೆ ಗೋಡೆ ಎಬ್ಬಿಸಿದಂತೆ ನೆಟ್ಟಗೆ ನಿಂತ ಕಲ್ಲುಗುಡ್ಡ, ನಡುವೆ ಹಸಿರು ನೀರು, ನೀರಿನ ಮೇಲೊಂದು ಬಿಳಿ ಹಡಗು. ಕಾಲೇಜು ಮುಗಿಸಿ ಇಸಳೂರಿನ ಬಾಡಿಗೆ ಮನೆಗೆ ಹೊರಟಿದ್ದವಳು ಸ್ಕೂಟಿ ನಿಲ್ಲಿಸಿದೆ. ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಮಗಳಿಗೆ ಹೇಳುತ್ತಿದ್ದಳು, "ಎಂತಾ ಚಂದ ಕಾಣ್ತದೆ ನೋಡೇ. ನಮ್ಮ ಲಿಂಗನಮಕ್ಕಿ ಹಿನ್ನೀರಿನ ಹಾಂಗೇ ಅದೆ."

ಚಂದ ಹೌದು. ಅಂಥ ಗುಡ್ಡವೊಂದನ್ನು ಹದಿನಾಲ್ಕು ತಿಂಗಳು ಹತ್ತಿ ಇಳಿದವಳು ನಾನು. ಆದರೆ ಅಲ್ಲಿ ನಿಂತ ನನಗೆ ನೆನಪಾದದ್ದು ನಾರ್ವೆಯಲ್ಲ. ಯಲ್ಲಾಪುರ ತಾಲೂಕಿನ ಮೂಲೆಯಲ್ಲಿದ್ದ ಹನ್ನೊಂದು ಮನೆಗಳ ಒಂದು ಊರು, ಅಲ್ಲಿಯ ಅಂಗನವಾಡಿ ಟೀಚರ್ ಪಾರ್ವತಕ್ಕ, ಆರು ವರ್ಷದ ಹಿಂದಿನ ಒಂದು ಮಳೆಗಾಲ. ಊರಿನ ಹೆಸರು ಬರೆಯುವುದಿಲ್ಲ. ಆ ಹೆಸರಿನ ಊರು ಈಗ ಇಲ್ಲ.

ಮೊದಲು ನಾರ್ವೆಯ ಮಾತು ಒಂದಿಷ್ಟು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಭೂಗರ್ಭಶಾಸ್ತ್ರ ಓದಿದ ಮೇಲೆ ನನಗೆ ಅಲ್ಲಿ ಸಹಾಯಕಿಯ ಕೆಲಸ ಸಿಕ್ಕಿತ್ತು. ಫಿಯೋರ್ಡೊಂದರ ನೆತ್ತಿಯ ಮೇಲೆ ಬಿರಿದು ನಿಂತ ಗುಡ್ಡವನ್ನು ಅಳೆಯುವ ತಂಡ ಅದು. ನಮ್ಮ ಮುಖ್ಯಸ್ಥೆ ಇಂಗ್ರಿಡ್ ಎಂಬ ಅರವತ್ತರ ಹೆಂಗಸು, ಮಾತು ಕಡಿಮೆ, ಕಾಲು ಗಟ್ಟಿ. ಮೊದಲ ದಿನ ನನ್ನನ್ನು ದೋಣಿಯಲ್ಲಿ ಕೂರಿಸಿಕೊಂಡು ಫಿಯೋರ್ಡಿನ ನಡುಮಧ್ಯೆ ಹೋಗಿ ಎಂಜಿನ್ ಬಂದ್ ಮಾಡಿದಳು. ಅಷ್ಟು ನಿಶ್ಶಬ್ದವನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಎಲ್ಲೋ ಮೇಲಿಂದ ಬೀಳುವ ನೀರಿನ ಸದ್ದು, ಅದೂ ತಡವಾಗಿ, ಬಿದ್ದ ಮೇಲೆ ಬರುತ್ತಿತ್ತು. ದಡದಲ್ಲಿ ಸೇಬಿನ ಗಿಡಗಳು ಬೆಳ್ಳಗೆ ಹೂಬಿಟ್ಟಿದ್ದವು, ಅವುಗಳ ತಲೆಯ ಮೇಲೆಯೇ ಗುಡ್ಡದ ತುದಿಯಲ್ಲಿ ಹಿಮ. ದೂರದ ಹಡಗು ಅಕ್ಕಿಕಾಳಿನಷ್ಟು ಕಂಡಿತು. ಹತ್ತಿರ ಬಂದಾಗ ಅದರಲ್ಲಿ ಸಾವಿರ ಜನರಿದ್ದರು. ಅಲ್ಲಿ ಕಣ್ಣು ಯಾವುದರ ಅಳತೆಯನ್ನೂ ಸರಿಯಾಗಿ ಹೇಳುವುದಿಲ್ಲ.

ಅದನ್ನೆಲ್ಲ ಮಾಡಿದ್ದು ಮಂಜುಗಡ್ಡೆ. ಒಂದು ಕಾಲದಲ್ಲಿ ಆ ನಾಡಿನ ಮೇಲೆ ಸಾವಿರ ಮೀಟರಿಗೂ ದಪ್ಪದ ಮಂಜು ಕೂತಿತ್ತು. ಕೂತದ್ದು ಸುಮ್ಮನೆ ಕೂರಲಿಲ್ಲ, ಸಮುದ್ರದ ಕಡೆ ತೆವಳಿತು. ಮೊದಲೇ ಇದ್ದ ಹೊಳೆಯ ಕಣಿವೆಗಳಿಗೆ ಇಳಿದು, ಹೊಟ್ಟೆಯಡಿ ಸಿಕ್ಕ ಬಂಡೆಗಳನ್ನೇ ಉಜ್ಜುಗಲ್ಲು ಮಾಡಿಕೊಂಡು, ತಳವನ್ನೂ ಗೋಡೆಯನ್ನೂ ಕೆರೆದು ಕೆರೆದು ತೊಟ್ಟಿಯಂಥ ಆಕಾರಕ್ಕೆ ತಂದಿತು. ಒಳನಾಡಿನಲ್ಲಿ ಮಂಜು ದಪ್ಪವಿದ್ದುದರಿಂದ ಅಲ್ಲಿ ತಳ ಆಳ. ಸಮುದ್ರದ ಬಾಯಿಗೆ ಬರುತ್ತ ತೆಳ್ಳಗಾದ್ದರಿಂದ ಅಲ್ಲೊಂದು ಹೊಸ್ತಿಲು ಉಳಿಯಿತು. ಮಂಜು ಕರಗಿ ಹಿಂದೆ ಸರಿದಾಗ ಸಮುದ್ರ ಆ ಹೊಸ್ತಿಲು ದಾಟಿ ಒಳಗೆ ಬಂತು. ಅದೇ ಫಿಯೋರ್ಡ್. ಬದಿಯ ಸಣ್ಣ ಕಣಿವೆಗಳು ಮೇಲೆಯೇ ತೂಗುಬಿದ್ದವು, ಅವುಗಳ ಹಳ್ಳಗಳು ಜಲಪಾತವಾದವು. ಗೋಡೆಗಳು ಮಾತ್ರ ಒಂಟಿಯಾದವು. ಇಷ್ಟು ಕಾಲ ಒತ್ತಿ ಹಿಡಿದಿದ್ದ ಮಂಜು ಇಲ್ಲವಾದ ಮೇಲೆ ಅವು ಒಳಗಿಂದೊಳಗೇ ಬಿರಿಯತೊಡಗಿದವು. ನಾವು ಅಳೆಯುತ್ತಿದ್ದದ್ದು ಅಂಥ ಒಂದು ಗೋಡೆಯ ಬಿರುಕನ್ನು. ಅದು ಬಿದ್ದರೆ ಫಿಯೋರ್ಡಿನ ನೀರು ಎದ್ದು ದಡದ ಊರನ್ನು ನುಂಗುತ್ತದೆ. ಹಾಗಾಗಿ ಗುಡ್ಡದ ತುಂಬ ಯಂತ್ರಗಳನ್ನು ಕಟ್ಟಿದ್ದರು. ಬಿರುಕು ಕೂದಲೆಳೆಯಷ್ಟು ಹಿಗ್ಗಿದರೂ ಕೆಳಗೆ ತಿಳಿಯುತ್ತಿತ್ತು. ಬೇಸಿಗೆಯಲ್ಲಿ ನಾವು ಹತ್ತಿ ಹೋಗಿ ಕೈಯಿಂದಲೂ ಅಳೆದು ತಾಳೆ ನೋಡುತ್ತಿದ್ದೆವು. ಇಂಗ್ರಿಡ್ ಪ್ರತಿ ಜಾಗದಲ್ಲೂ ಎರಡು ಸಲ ಅಳೆಸುತ್ತಿದ್ದಳು. ಒಂದೇ ಸಲ ಅಳೆದದ್ದನ್ನು ಅವಳು ಅಳತೆ ಎಂದೇ ಒಪ್ಪುತ್ತಿರಲಿಲ್ಲ.

ಕೆಲಸದ ಅವಧಿ ಮುಗಿದು ಊರಿಗೆ ಬಂದೆ. ನನ್ನ ತವರು ಸಿದ್ದಾಪುರದ ತ್ಯಾಗಲಿ. ಶಿರಸಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿಕೊಂಡೆ. ಆ ವರ್ಷದ ಚಳಿಗಾಲದಲ್ಲಿ ಎನ್ನೆಸ್ಸೆಸ್ ಶಿಬಿರಕ್ಕೆಂದು ವಿದ್ಯಾರ್ಥಿಗಳ ಜೊತೆ ಏಳು ದಿನ ಆ ಊರಿನಲ್ಲಿದ್ದೆ. ಸಂಜೆ ಅಂಗನವಾಡಿಯ ಗೋಡೆಯ ಮೇಲೆ ಪ್ರೊಜೆಕ್ಟರಿನಲ್ಲಿ ಫಿಯೋರ್ಡಿನ ಚಿತ್ರ ತೋರಿಸಿದೆ. ಮಕ್ಕಳು ಹಡಗು ನೋಡಿದರು, ಗಂಡಸರು ಸೇಬು ನೋಡಿದರು. ಪ್ರಶ್ನೆ ಕೇಳಿದ್ದು ಪಾರ್ವತಕ್ಕ ಒಬ್ಬಳೇ.

"ಅಲ್ಲಾ ಮೇಡಂ, ತಲೆ ಮೇಲೆ ಗುಡ್ಡ ಸೀಳಿ ನಿಂತದೆ ಅಂತ ಗೊತ್ತಿದ್ದೂ ಆ ಜನ ಅಲ್ಲೇ ಅದಾರಾ?"

"ಇದ್ದಾರೆ. ಯಂತ್ರ ಹೇಳಿದ ದಿನ ಹೊರಡ್ತಾರೆ."

"ಮತ್ತೆ ಬರ್ತಾರಾ?"

"ಗುಡ್ಡ ಸುಮ್ಮನಾದ್ರೆ ಬರ್ತಾರೆ."

ಅವಳು ತುಸು ಹೊತ್ತು ಚಿತ್ರ ನೋಡಿ, "ನನ್ನ ಮಗಳನ್ನ ಹೆಗ್ಗರಣೆಗೆ ಕೊಟ್ಟದ್ದು. ಉಂಚಳ್ಳಿ ಜಲಪಾತದ ಸದ್ದಿಲ್ಲದೆ ಅವಳಿಗೆ ಈಗ ನಿದ್ದೆ ಬರೂದಿಲ್ಲಂತೆ. ಹಾಂಗೇ ಇರ್ಬೇಕು" ಎಂದಳು.

ನಲವತ್ತೈದರ ಆಸುಪಾಸಿನ, ಸಣಕಲು ಮೈಯ, ಚುರುಕು ಹೆಂಗಸು. ಹತ್ತನೆಯ ತರಗತಿಯವರೆಗೆ ಓದಿದ್ದಳು. ಗಂಡ ಗಣಪತಿ ಚಿರೆಕಲ್ಲಿನ ಗೋಡೆ ಕಟ್ಟುವ ಗಾರೆ ಕೆಲಸದವನು, ಸುತ್ತಲ ಊರುಗಳಿಗೆಲ್ಲ ಬೇಕಾದವನು. ಶಿಬಿರ ಮುಗಿಯುವ ಹೊತ್ತಿಗೆ ಫಿಯೋರ್ಡ್ ಹೇಗಾಯಿತೆಂದು ಅವಳು ಅಂಗನವಾಡಿಯ ಮಕ್ಕಳಿಗೆ ಹಿಟ್ಟಿನ ಮುದ್ದೆಯಲ್ಲಿ ಬೆರಳು ಎಳೆದು ತೋರಿಸುತ್ತಿದ್ದಳು. ನಾನು ಕಾಲೇಜಿನಲ್ಲಿ ಹೇಳುವುದಕ್ಕಿಂತ ಚೆನ್ನಾಗಿತ್ತು.

ಮಳೆಗಾಲ ಶುರುವಾಗಿ ಇಪ್ಪತ್ತು ದಿನವಾಗಿರಬೇಕು, ಅವಳ ಫೋನ್ ಬಂತು.

"ಮೇಡಂ, ನಾ ಪಾರ್ವತಿ, ಅಂಗನವಾಡಿದು. ನೀವು ಗೋಡೆ ಮೇಲೆ ತೋರಿಸಿದ್ರಲ್ಲ, ತಲೆ ಸೀಳಿದ ಗುಡ್ಡ? ಅಂಥದ್ದೇ ಬಿರುಕು ಇಲ್ಲಿ ಬಂದದೆ. ಇವ್ರು ದನ ಹುಡುಕೂಕೆ ಹೋದಾಗ ನೋಡಿ ಬಂದು ಹೇಳಿದ್ರು. ನಾ ನಗಾಡಿದೆ. ಇವತ್ತು ನಾನೇ ಹೋಗಿ ನೋಡಿದೆ. ನಗೂಕೆ ಬರ್ಲಿಲ್ಲ."

ಮರುದಿನವೇ ಹೋದೆ. ಊರಿನ ಬೆನ್ನಿಗಿದ್ದ ಗುಡ್ಡದ ಮೇಲೆ ಹುಲ್ಲಿನ ಬೇಣ, ಅದರ ಅಂಚಿನಲ್ಲಿ ಕುಡುಗೋಲಿನಂತೆ ಬಾಗಿದ ಬಿರುಕು. ಇನ್ನೂರು ಹೆಜ್ಜೆ ಉದ್ದ. ಅಗಲ ಕೆಲವು ಕಡೆ ಬೆರಳಿನಷ್ಟು, ಮಧ್ಯದಲ್ಲಿ ಒಂದು ಗೇಣು. ಅದರ ಕೆಳಗಿನ ಮತ್ತಿ ಮರಗಳೆಲ್ಲ ಊರಿನ ಕಡೆಗೆ ಒಂದಿಷ್ಟು ವಾಲಿದ್ದವು. ಗುಡ್ಡದ ಬುಡದ ಒರತೆ, ಊರಿನವರೆಲ್ಲ ಕುಡಿಯುವ ನೀರು, ಎರಡು ದಿನದಿಂದ ಕೆಂಪಗೆ ಬರುತ್ತಿತ್ತು.

ನಾವಿಬ್ಬರೂ ಸೇರಿ ಬಿರುಕಿನ ಆಚೆಗೊಂದು ಈಚೆಗೊಂದು ಹೀಗೆ ಐದು ಜೊತೆ ಗೂಟ ಹೊಡೆದೆವು. ಪಾರ್ವತಕ್ಕ ತನ್ನ ಹೊಲಿಗೆಯ ಟೇಪು ತಂದಳು. ಗೂಟದಿಂದ ಗೂಟಕ್ಕೆ ಹೇಗೆ ಬಿಗಿಯಾಗಿ ಹಿಡಿಯಬೇಕು, ಎಲ್ಲಿಂದ ಓದಬೇಕು ಎಂದು ಹೇಳಿಕೊಟ್ಟೆ. ದಿನಕ್ಕೆರಡು ಸಲ ಅಳೆದು ಫೋನ್ ಮಾಡುವುದೆಂದು ತೀರ್ಮಾನವಾಯಿತು. ಒಂದು ದಿನವೂ ತಪ್ಪಿಸಬಾರದು ಎಂದು ಹೇಳಿದ್ದು ನಾನು.

ತಾಲೂಕು ಕಚೇರಿಗೆ ಅರ್ಜಿ ಕೊಟ್ಟೆವು. ಇಬ್ಬರು ಬಂದರು, ಫೋಟೋ ತೆಗೆದುಕೊಂಡರು, ಮೇಲಿನವರಿಗೆ ಬರೆಯುತ್ತೇವೆ ಎಂದರು. ಬರೆದರೋ ಏನೋ. ಯಂತ್ರ ಕಟ್ಟುವ ಮಾತು ಎತ್ತಿದಾಗ ಅವರಲ್ಲಿ ಒಬ್ಬರು ನನ್ನನ್ನು ಕನಿಕರದಿಂದ ನೋಡಿದರು.

ಅಂಗನವಾಡಿಯಲ್ಲಿ ಊರಿನವರ ಸಭೆ ಮಾಡಿದೆವು. ಊರಿನ ಹಿರಿಯರು ಸುಬ್ರಾಯ ಹೆಗಡೇರು. ಕಂಬಕ್ಕೆ ಒರಗಿ ಎಲ್ಲ ಕೇಳಿಸಿಕೊಂಡು ಕೊನೆಗೆ ಬಾಯಿಬಿಟ್ಟರು.

"ತಂಗೀ, ನೀ ಓದಿದ್ದು ಹೌದು. ಆನು ಎಪ್ಪತ್ತು ಮಳೆಗಾಲ ಇಲ್ಲೇ ನೋಡಿದ್ದೆ. ಆ ಗುಡ್ಡ ಎಲ್ಲಿಗೂ ಹೋಗ್ತಿಲ್ಲೆ."

"ಹೋಗದೇ ಇದ್ರೆ ಒಳ್ಳೇದೇಯಾ ಹೆಗಡೇರೇ. ಹದಿನೈದು ದಿನ ಶಾಲೇಲಿ ಇದ್ದು ಬಂದ್ರೆ ಎಂತ ಹೋಗ್ತು?" ಎಂದೆ ನಾನು.

"ದನ ಎಂತ ಮಾಡವು? ಅವನ್ನೂ ಶಾಲಿಗೆ ಹೊಡ್ಕಂಡು ಹೋಗವನೇ?"

ಜನ ನಕ್ಕರು. ಆಗ ಪಾರ್ವತಕ್ಕ ಎದ್ದು ನಿಂತಳು. ನಾರ್ವೆಯ ಊರಿನ ಕತೆಯನ್ನು ತನ್ನ ಮಾತಿನಲ್ಲಿ ಹೇಳಿದಳು. ಅಲ್ಲಿಯ ಜನ ಬುದ್ಧಿಯಿಲ್ಲದವರಲ್ಲ, ಹೆದರುಪುಕ್ಕಲರೂ ಅಲ್ಲ, ಗುಡ್ಡ ಕದಲಿತೆಂದ ಕೂಡಲೇ ಒಲೆ ಆರಿಸಿ ಹೊರಟುಬಿಡುತ್ತಾರೆ ಎಂದಳು. "ನಾ ದಿನಾ ಹತ್ತಿ ನೋಡ್ತೆ. ನಾಲ್ಕು ಬೆರಳು ಹಿಗ್ಗಿದ ದಿನ ನಾ ಹೇಳ್ತೆ. ಅವತ್ತು ಯಾರೂ ಎದುರು ಮಾತಾಡ್ಬಾರ್ದು. ಆಯ್ತಾ?" ಜನ ಒಬ್ಬೊಬ್ಬರೇ ಎದ್ದು ಕೊಡೆ ಬಿಚ್ಚಿ ಮನೆಗೆ ನಡೆದರು.

ಆ ದಿನ ಜುಲೈ ಮಧ್ಯದಲ್ಲಿ ಬಂತು. ಮೂರು ದಿನ ಬಿಡದೆ ಹೊಡೆದ ಮಳೆ. ಮಧ್ಯಾಹ್ನದ ಅಳತೆಗೆ ಹತ್ತಿದವಳು ಅಲ್ಲಿಂದಲೇ ಫೋನ್ ಮಾಡಿದಳು. ಮೂರನೆಯ ಜೊತೆ ಗೂಟ ಒಂದೇ ದಿನದಲ್ಲಿ ನಾಲ್ಕು ಬೆರಳು ದೂರವಾಗಿತ್ತು. ನಾನು ಹೋಗಿ ಮುಟ್ಟುವಷ್ಟರಲ್ಲಿ ಅವಳು ಮನೆಮನೆಗೆ ಹೋಗಿ ಅರ್ಧ ಊರು ಹೊರಡಿಸಿದ್ದಳು. ಸಂಜೆಯೊಳಗೆ ಹನ್ನೊಂದು ಮನೆಯವರೂ ಮೂರು ಕಿಲೋಮೀಟರ್ ಆಚೆಯ ಶಾಲೆಗೆ ಬಂದು ಸೇರಿದರು. ಹೆಗಡೇರು ಕೊನೆಯವರು. ಚಾಪೆ ಹೊತ್ತು ಒಳಗೆ ಬಂದು, ನನ್ನ ಮುಖ ನೋಡದೆ, "ಎಲ್ಲಿ ಹಾಸವು ಹೇಳು" ಎಂದರು.

ನಮ್ಮಮ್ಮ ತ್ಯಾಗಲಿಯಿಂದ ಫೋನ್ ಮಾಡಿದ್ದಳು. "ಬೇರೆಯವ್ರ ಊರಿನ ಗುಡ್ಡದ ಉಸಾಬರಿ ನಿಂಗೆಂತಕ್ಕೆ ಕೂಸೆ? ಬಿದ್ರೂ ನಿನ್ನ ಹೆಸರು, ಬೀಳದೇ ಇದ್ರೂ ನಿನ್ನ ಹೆಸರು." ನಾನು ನಕ್ಕು ಫೋನಿಟ್ಟೆ. ನಿಜ ಹೇಳಬೇಕೆಂದರೆ ಆ ಸಂಜೆ ನನಗೆ ಹೆಮ್ಮೆಯಾಗಿತ್ತು. ಫಿಯೋರ್ಡಿನಲ್ಲಿ ಕಲಿತದ್ದು ನಮ್ಮ ನೆಲದಲ್ಲಿ ಕೆಲಸಕ್ಕೆ ಬಂತು ಎನಿಸಿತ್ತು.

ಶಾಲೆಯಲ್ಲಿ ಹದಿಮೂರು ದಿನ ಕಳೆದವು. ಎರಡು ಕೋಣೆ, ಮೂವತ್ತೆಂಟು ಜನ, ಒಣಗದ ಬಟ್ಟೆಗಳ ಮುಗ್ಗಲು ವಾಸನೆ. ಗಂಡಸರು ಬೆಳಿಗ್ಗೆ ಸಂಜೆ ಹೋಗಿ ದನ ನೋಡಿ ಬರುತ್ತಿದ್ದರು, ಪಾರ್ವತಕ್ಕ ಅವರ ಜೊತೆಗೇ ಹೋಗಿ ಗುಡ್ಡ ಹತ್ತಿ ಬಿರುಕು ಅಳೆದು ಬರುತ್ತಿದ್ದಳು. ಗದ್ದೆಯಲ್ಲಿ ನಾಟಿ ಅರ್ಧಕ್ಕೆ ನಿಂತು ಸಸಿಮಡಿ ಹಳದಿಯಾಗತೊಡಗಿತ್ತು. ನಾನು ಎರಡು ದಿನಕ್ಕೊಮ್ಮೆ ಶಿರಸಿಯಿಂದ ಹೋಗುತ್ತಿದ್ದೆ. ಹೋದಾಗಲೆಲ್ಲ ಪಾರ್ವತಕ್ಕ ಮಕ್ಕಳನ್ನು ಸುತ್ತ ಕೂರಿಸಿಕೊಂಡಿರುತ್ತಿದ್ದಳು. "ಮೇಡಂ ಬಂದ್ರು, ಇನ್ನು ಹಿಮದ ಕತೆ" ಎನ್ನುತ್ತಿದ್ದಳು. ಒಮ್ಮೆ ಕೇಳಿದಳು, "ಮಂಜು ಹೋದ ಮೇಲೆ ಆ ನೆಲ ಈಗ್ಲೂ ಮೇಲೇಳ್ತಾ ಅದೆ ಅಂದ್ರಲ್ಲ, ನಿಜವಾ?" ನಿಜ ಎಂದೆ. ಅಷ್ಟು ಭಾರ ಹೊತ್ತ ನೆಲ, ಭಾರ ಇಳಿದ ಮೇಲೆ ಸಾವಿರಾರು ವರ್ಷ ನಿಧಾನವಾಗಿ ಮೇಲೇಳುತ್ತಲೇ ಇರುತ್ತದೆ. ಅವಳು, "ಅಬ್ಬಾ, ನೆಲಕ್ಕೂ ಸುಧಾರಿಸ್ಕೊಳ್ಳೂಕೆ ಅಷ್ಟು ಕಾಲ ಬೇಕು" ಎಂದಳು.

ಒಂಬತ್ತನೆಯ ದಿನದಿಂದ ಬಿರುಕು ನಿಂತಿತು. ಮಳೆ ಬರುತ್ತಿತ್ತು, ಆದರೆ ಗೂಟಗಳು ಕದಲಲಿಲ್ಲ. ಹತ್ತು, ಹನ್ನೊಂದು, ಹನ್ನೆರಡು. ಅದೇ ಅಳತೆ. ಹನ್ನೊಂದನೆಯ ದಿನ ಪಾರ್ವತಕ್ಕ ಫೋನಿನಲ್ಲಿ ಇನ್ನೊಂದು ಮಾತು ಹೇಳಿದಳು. "ಒರತೆ ನಿಂತುಹೋಗದೆ ಮೇಡಂ. ಕೆಂಪು ನೀರೂ ಇಲ್ಲ, ಬಿಳಿ ನೀರೂ ಇಲ್ಲ. ಈ ಮಳೇಲೂ ಬತ್ತಿದ ಹಾಂಗೆ ಅದೆ."

ನಾನು, "ಒಳ್ಳೆಯದೇ ಆಯ್ತು, ಗುಡ್ಡದ ಒಳಗೆ ನೀರು ಕಡಿಮೆಯಾಗಿದೆ" ಎಂದೆ.

ಈ ಮಾತನ್ನು ಬರೆಯುವುದಕ್ಕೆ ನನಗೆ ಆರು ವರ್ಷ ಬೇಕಾಯಿತು. ಫಿಯೋರ್ಡಿನ ಗೋಡೆ ಗಟ್ಟಿ ಬಂಡೆ. ಅದು ಸೀಳಿನ ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಜರುಗುತ್ತದೆ, ಬೀಳುವ ಮುಂಚೆ ಬೇಗ ಬೇಗ ಜರುಗುತ್ತದೆ, ಸೀಳಿನಿಂದ ಜಿನುಗುವ ನೀರು ನಿಂತರೆ ನಾವು ನಿರಾಳವಾಗುತ್ತಿದ್ದೆವು. ನಮ್ಮ ಗುಡ್ಡ ಹಾಗಲ್ಲ. ಮೇಲೆ ಚಿರೆಕಲ್ಲಿನ ಟೊಪ್ಪಿ, ಅದರಡಿ ಆಳದವರೆಗೆ ಕೊಳೆತ ಕಲ್ಲು, ಶೇಡಿ ಮಣ್ಣು. ಒದ್ದೆಯಾದರೆ ಬೆಣ್ಣೆಯಂತೆ ಜಾರುವ ಬಿಳಿ ಮಣ್ಣು ಅದು. ಅಂಥ ಗುಡ್ಡದ ಒರತೆ ಮಳೆಯಲ್ಲಿ ನಿಂತಿತೆಂದರೆ ನೀರು ಕಡಿಮೆಯಾಗಿದೆ ಎಂದಲ್ಲ, ಹೊರಬರುವ ದಾರಿ ಮುಚ್ಚಿ ನೀರು ಒಳಗೇ ತುಂಬುತ್ತಿದೆ ಎಂದು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಎಂದೋ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಆ ಹೊತ್ತಿಗೆ ನನ್ನ ಕಣ್ಣಿಗೆ ಕಟ್ಟಿದ್ದು ಹದಿನಾಲ್ಕು ತಿಂಗಳು ಕೈಯಾರೆ ಮುಟ್ಟಿದ ಆ ಇನ್ನೊಂದು ಗುಡ್ಡ.

ಹನ್ನೆರಡನೆಯ ಸಂಜೆ ಶಾಲೆಯಲ್ಲಿ ಗಲಾಟೆಯೇ ಆಯಿತು. ನಾಲ್ಕು ದಿನದಿಂದ ಗುಡ್ಡ ಅಲ್ಲಾಡಿಲ್ಲ, ಸಸಿ ಹಾಳಾಗುತ್ತಿದೆ, ಇನ್ನೆಷ್ಟು ದಿನ ಎಂದು ಎಲ್ಲರೂ ನನ್ನನ್ನು ಸುತ್ತಿಕೊಂಡರು. ಹೆಗಡೇರು ಈ ಸಲ ಏರುದನಿಯಲ್ಲಿ ಮಾತಾಡಲಿಲ್ಲ. "ನೀ ಹೇಳಿದ್ದಕ್ಕೆ ಬಂದ್ಯ ತಂಗೀ. ನೀ ಹೇಳಿದ ಮೇಲೇ ಹೋಗ್ತ್ಯ. ಆದ್ರೆ ಒಂದು ಮಾತು ಹೇಳು" ಎಂದರು. ನಾನು ಹೇಳಿದೆ, "ನಾಳೆ ಬೆಳಿಗ್ಗಿನ ಅಳತೆಯೂ ಹೀಗೇ ಇದ್ರೆ ನಾಳೆಯೇ ಮನೆಗೆ ಹೋಗಬಹುದು."

ಮರುದಿನ ಬೆಳಿಗ್ಗೆ ಏಳೂಕಾಲು. ನಾನು ಇಸಳೂರಿನ ಮನೆಯಲ್ಲಿ ಕಾಲೇಜಿಗೆ ಹೊರಡಲು ಸೀರೆಗೆ ಇಸ್ತ್ರಿ ಹಾಕುತ್ತಿದ್ದೆ. ಫೋನ್ ಬಂತು.

"ಮೇಡಂ, ಐದೂ ಗೂಟ ನೋಡಿದೆ. ನಿನ್ನೆ ಎಷ್ಟೋ ಅಷ್ಟೇ. ಒಂದು ನೂಲೂ ಕದಲ್ಲಿಲ್ಲ."

"ಮೂರನೇದು?"

"ಮೂರನೇದೂ ಅಷ್ಟೇ. ನಾ ಇಳಿಯೂಕೆ ಹೊರಟೆ. ಮಳೆ ಜೋರಾಗ್ತಾ ಅದೆ."

"ಪಾರ್ವತಕ್ಕ, ಮೂರನೇದು ಒಂದನ್ನ ಇನ್ನೊಂದ್ಸಲ ಅಳೀರಿ. ಎಲ್ಲರನ್ನೂ ವಾಪಸ್ ಕಳಿಸೋ ಮಾತು ಇದು. ಎರಡು ಸಲ ನೋಡದೆ ನಾನು ಹೇಳೋದಿಲ್ಲ."

"ಮತ್ತೆ ಮೇಲೆ ಹತ್ಬೇಕಲ್ಲ..."

"ಐದು ನಿಮಿಷದ ಕೆಲಸ."

"ಆಯ್ತು, ಆಯ್ತು" ಎಂದು ನಕ್ಕಳು. "ಹತ್ತಿ ಹೇಳ್ತೆ. ಇಡಬೇಡಿ ಫೋನು. ಇಲ್ಲ, ಇಡಿ, ಕೈ ಒದ್ದೆ ಅದೆ, ನಾನೇ ಮಾಡ್ತೆ."

ಇಸ್ತ್ರಿ ಮುಗಿಯಿತು. ಸೀರೆ ಉಟ್ಟೆ. ಏಳೂಮುಕ್ಕಾಲಿಗೆ ನಾನೇ ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಉತ್ತರ ಬಂತು. ಆ ಊರಿನಲ್ಲಿ ಅದೇನೂ ಹೊಸದಲ್ಲ. ಡಬ್ಬಿಗೆ ಊಟ ತುಂಬಿದೆ. ಎಂಟು ಗಂಟೆ ದಾಟಿದ ಮೇಲೆ ಶಾಲೆಯಿಂದ ಯಾರೋ ಫೋನ್ ಮಾಡಿದರು. ಯಾರೆಂದು ಈಗಲೂ ನೆನಪಿಲ್ಲ. "ಗುಡ್ಡ ಬಂತು ಮೇಡಂ" ಎಂದಷ್ಟೇ ಹೇಳಿ ಅಳತೊಡಗಿದರು.

ನಾನು ಹೋಗಿ ನೋಡಿದಾಗ ಅಲ್ಲಿ ಊರಿರಲಿಲ್ಲ. ಬೇಣ, ಮತ್ತಿ ಮರಗಳು, ಒರತೆ, ಅಂಗನವಾಡಿ, ಹನ್ನೊಂದು ಮನೆಗಳಲ್ಲಿ ಒಂಬತ್ತು, ಎಲ್ಲ ಸೇರಿ ಕೆಂಪು ಬಿಳಿ ಮಣ್ಣಿನ ಒಂದು ದೊಡ್ಡ ನಾಲಿಗೆಯಾಗಿ ಕೆಳಗಿನ ಹಳ್ಳದವರೆಗೆ ಚಾಚಿತ್ತು. ಅದಿನ್ನೂ ನಿಧಾನಕ್ಕೆ ಹರಿಯುತ್ತಿತ್ತು. ಮೇಲೆ ಗುಡ್ಡದ ಮೈ ಸುಲಿದಂತೆ ನುಣ್ಣಗಿತ್ತು. ಮಣ್ಣಿನ ಅಂಚಿನಲ್ಲಿ ಗಣಪತಿ ಮಂಡಿಯವರೆಗೆ ಹುಗಿದುಕೊಂಡು ಬರಿಗೈಯಲ್ಲಿ ಬಗೆಯುತ್ತಿದ್ದ. ನಾಲ್ವರು ಎಳೆದರೂ ಬರಲಿಲ್ಲ.

ಪಾರ್ವತಕ್ಕ ಮೂರನೆಯ ದಿನ ಸಿಕ್ಕಳು. ಹೆಗ್ಗರಣೆಯಿಂದ ಮಗಳು ಬಂದಿದ್ದಳು. ಮುಖ ತೋರಿಸುವುದು ಬೇಡವೆಂದರು.

ನಾರ್ವೆಯಲ್ಲಿ ಒಂದು ನಿಯಮವಿತ್ತು. ಗುಡ್ಡ ಎಚ್ಚರಿಕೆ ಕೊಟ್ಟು ಊರು ಖಾಲಿ ಮಾಡಿಸಿದ ಮೇಲೆ ಯಾರೂ ಮೇಲೆ ಹತ್ತಕೂಡದು. ಯಂತ್ರ ಮಾತ್ರ ಅಳೆಯುತ್ತದೆ, ಮನುಷ್ಯರು ದೂರ ಕೂತು ಓದುತ್ತಾರೆ. ಇಂಗ್ರಿಡ್ ಮೊದಲ ವಾರವೇ ಇದನ್ನು ನನಗೆ ಹೇಳಿಕೊಟ್ಟಿದ್ದಳು. ಅಳೆಯುವುದನ್ನೆಲ್ಲ ಪಾರ್ವತಕ್ಕನಿಗೆ ಕಲಿಸಿದ ನಾನು ಇದೊಂದನ್ನು ಹೇಳಿರಲಿಲ್ಲ. ಹೇಳಿದ್ದರೆ ಅಳೆಯುವವರು ಯಾರೂ ಇರುತ್ತಿರಲಿಲ್ಲ. ನಮ್ಮ ಯಂತ್ರ ಅವಳೇ ಆಗಿದ್ದಳು.

ಎರಡು ತಿಂಗಳ ಮೇಲೆ ಯಲ್ಲಾಪುರದಲ್ಲಿ ಸನ್ಮಾನ ಮಾಡಿದರು. ಬೇಡವೆಂದೆ, ಕೇಳಲಿಲ್ಲ. ಮೂವತ್ತೇಳು ಜೀವ ಉಳಿಸಿದವರು ಎಂದು ಶಾಲು ಹೊದಿಸಿದರು. ಹೆಗಡೇರು ಎದ್ದು ನಿಂತು, "ಆನು ಇವತ್ತು ಉಸಿರಾಡ್ತಾ ಇದ್ದದ್ದು ಈ ತಂಗಿಯಿಂದ" ಎಂದು ಕಣ್ಣೊರೆಸಿಕೊಂಡರು. ಪಾರ್ವತಕ್ಕನ ಫೋಟೋಕ್ಕೆ ಹಾರ ಹಾಕಿದ್ದರು. ಗಣಪತಿ ಎರಡನೆಯ ಸಾಲಿನಲ್ಲಿ ಕೂತಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದಾಗ ಅವನೂ ತಟ್ಟಿದ. ಮೈಕು ಕೈಗೆ ಬಂದಾಗ ನಿಜ ಹೇಳಬೇಕೆಂದು ಬಾಯಿಯವರೆಗೆ ಬಂತು. ಹೇಳಿದ್ದು ಧನ್ಯವಾದ.

ಆ ರಾತ್ರಿ ಅಮ್ಮನೊಬ್ಬಳಿಗೆ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ, "ಆ ಮಾತು ಇಲ್ಲಿಗೇ ಬಿಡು. ಯಾರಿಗೂ ಹೇಳಡ" ಎಂದಳು. ನಾನು ಹಾಗೆಯೇ ಮಾಡಿದೆ. ಇಂಗ್ರಿಡ್‌ಗೂ ಬರೆಯಲಿಲ್ಲ. ಕಾಲೇಜಿನಲ್ಲಿ ಹಿಮನದಿಯ ಪಾಠ ಬಂದಾಗ ಪುಸ್ತಕದಲ್ಲಿದ್ದಷ್ಟನ್ನೇ ಓದಿ ಮುಗಿಸಿದೆ.

ಮುಂದಿನ ವರ್ಷ ಮಳೆ ಹಿಡಿಯುವ ಮುಂಚೆ, ಇನ್ನು ತಡೆಯಲಾಗದೆ ಗಣಪತಿಯನ್ನು ಹುಡುಕಿಕೊಂಡು ಹೋದೆ. ಊರು ಕಳೆದುಕೊಂಡವರಿಗೆ ಹೆದ್ದಾರಿಯ ಬದಿಗೆ ಸೈಟು ಕೊಟ್ಟಿದ್ದರು. ಜೆಸಿಬಿಯಿಂದ ದಿಬ್ಬ ಕಡಿದು ಸಪಾಟು ಮಾಡಿದ ಜಾಗ. ಅವನು ತನ್ನ ಮನೆಯ ಗೋಡೆಯನ್ನು ತಾನೇ ಕಟ್ಟುತ್ತಿದ್ದ. ಎದೆಮಟ್ಟ ಎದ್ದಿತ್ತು. ನನ್ನನ್ನು ನೋಡಿ ಕರಣೆ ಕೆಳಗಿಟ್ಟು, ಕೂರಲು ಒಂದು ಚಿರೆಕಲ್ಲು ಸರಿಸಿ ಕೊಟ್ಟ.

ಹೇಳಿದೆ. ಒರತೆಯ ಮಾತು, ನಿಯಮದ ಮಾತು, ಇಳಿಯಲು ಹೊರಟವಳನ್ನು ಮತ್ತೆ ಹತ್ತಿಸಿದ್ದು, ಎಲ್ಲ. ನಡುವೆ ಒಮ್ಮೆಯೂ ಅವನ ಮುಖ ನೋಡಲಾಗಲಿಲ್ಲ.

"ಗೊತ್ತದೆ ಮೇಡಂ" ಎಂದ.

ನಾನು ತಲೆಯೆತ್ತಿದೆ.

"ನಾ ಅಲ್ಲೇ ಬುಡದಲ್ಲಿದ್ದೆ ಅಲ್ಲ, ಹುಲ್ಲು ಕೊಯ್ತಾ. ಮೇಲಿಂದ ಕೂಗಿ ಹೇಳಿದ್ಲು. ಇನ್ನೊಂದ್ಸಲ ಅಳೀಬೇಕಂತೆ, ನೀವು ಹುಲ್ಲು ತಗೊಂಡು ಹೋಗ್ತಾ ಇರಿ, ನಾ ಬಂದೆ ಅಂದ್ಲು." ಅಂಗೈಗೆ ಅಂಟಿದ ಸಿಮೆಂಟನ್ನು ಉಗುರಿನಿಂದ ಕೆರೆಯುತ್ತಿದ್ದ. "ನಾ ಹೋದೆ. ಮಳೇಲಿ ಹುಲ್ಲು ಒದ್ದೆ ಆಗ್ತದೆ ಅಂತ. ಹಳ್ಳದ ಮೇಲಿನ ಸಂಕ ದಾಟಿ ಆಚೆಗೆ ಕಾಲಿಟ್ಟೆ, ಸದ್ದು ಬಂತು."

"ಮತ್ತೆ... ಯಾರ ಹತ್ರಾನೂ ಯಾಕೆ ಹೇಳ್ಲಿಲ್ಲ?"

"ಎಂತ ಹೇಳೂದು? ನಿಮ್ಮನ್ನ ಹೇಳಿದ್ರೆ ನನ್ನನ್ನೂ ಹೇಳ್ಬೇಕಾಗ್ತದೆ. ನಿಲ್ಲು ಅಂತ ನಾನೂ ಹೇಳ್ಲಿಲ್ಲ."

ಹೆದ್ದಾರಿಯಲ್ಲಿ ಲಾರಿಗಳು ಹೋದವು. ಕೋಪವಿದ್ದಿದ್ದರೆ ಸಹಿಸಬಹುದಿತ್ತು. ಕ್ಷಮಿಸಿದ್ದೇನೆ ಎಂದಿದ್ದರೆ ಅದನ್ನಾದರೂ ಹೊತ್ತುಕೊಂಡು ಹೋಗುತ್ತಿದ್ದೆ. ಅವನಲ್ಲಿ ಎರಡೂ ಇರಲಿಲ್ಲ. ನಾನು ಒಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದನ್ನು ಅವನೂ ಅಷ್ಟೇ ದಿನ, ನನಗಿಂತ ಹತ್ತಿರದಿಂದ ಹೊತ್ತಿದ್ದ. ಹೇಳಿದ್ದರಿಂದ ಇಬ್ಬರಿಗೂ ಏನೂ ಹಗುರಾಗಲಿಲ್ಲ.

ಹೊರಡಲು ಎದ್ದಾಗ ಅವನೂ ಎದ್ದ. ಕಟ್ಟುತ್ತಿದ್ದ ಗೋಡೆಯ ಹಿಂದಕ್ಕೆ ಕರೆದುಕೊಂಡು ಹೋದ. ಅಲ್ಲಿ ಜೆಸಿಬಿ ಕಡಿದ ದಿಬ್ಬ ಎರಡಾಳು ಎತ್ತರಕ್ಕೆ ನೆಟ್ಟಗೆ ನಿಂತಿತ್ತು. ಮೇಲೆ ಕೆಂಪು, ನಡುವೆ ಹಳದಿ, ಕೆಳಗೆ ಬಿಳಿ, ಅದೇ ಶೇಡಿ ಮಣ್ಣು. ಬಿಳಿಯ ಪಟ್ಟೆ ಅವನ ಹಿತ್ತಿಲ ಗೋಡೆಯ ಉದ್ದಕ್ಕೂ ಸಾಗಿ, ಪಕ್ಕದ ಮನೆಗಳ ಹಿಂದೆಯೂ ಹಾಗೇ ಮುಂದುವರಿದಿತ್ತು. ಪಕ್ಕದ ಮನೆಯವರು ಆಗಲೇ ಒಕ್ಕಲಾಗಿದ್ದರು, ಒಗೆದ ಬಟ್ಟೆ ಹರವಿದ್ದರು.

"ಇದೊಂದನ್ನ ಸ್ವಲ್ಪ ನೋಡಿ ಹೇಳಿ ಮೇಡಂ" ಎಂದ ಗಣಪತಿ. "ಈ ಮಳೆಗಾಲ ನಿಲ್ತದಾ?"

ಅವನ ದನಿಯಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ. ಕೇಳಲು ಅವರಿಗೆ ಇನ್ಯಾರೂ ಇರಲಿಲ್ಲ. ನಾನು ಹತ್ತಿರ ಹೋಗಿ ಆ ಬಿಳಿ ಮಣ್ಣಿನ ಮೇಲೆ ಕೈಯಿಟ್ಟೆ. ಒಣಗಿತ್ತು. ಗಟ್ಟಿಯಾಗಿತ್ತು. ಬೆರಳಿನಿಂದ ಒತ್ತಿದೆ. ಕಲಿತದ್ದೆಲ್ಲ ತಲೆಯಲ್ಲಿ ಸಾಲಾಗಿ ಬಂದು ನಿಂತಿತು. ಬಾಯಿ ತೆರೆದರೆ ಹೇಳಬಹುದಾದದ್ದು ಎಷ್ಟೋ ಇತ್ತು. ಒರತೆ ನಿಂತ ದಿನವೂ ಇತ್ತು.

"ನನಗೆ ಗೊತ್ತಿಲ್ಲ ಗಣಪತಿ" ಎಂದೆ.

ಅವನು ತಲೆಯಾಡಿಸಿ ಕರಣೆ ಎತ್ತಿಕೊಂಡ. ನಾನು ಸ್ಕೂಟಿಯ ಕಡೆ ನಡೆದೆ. ಹಿಂದಿನಿಂದ ಅವನು ಕಲ್ಲಿನ ಮೇಲೆ ಕಲ್ಲಿಡುವ ಸದ್ದು ಕೇಳುತ್ತಲೇ ಇತ್ತು.